ಮಾವನವರ ಡಯಾನಾ 27: ಹಳೇ ಸ್ಪ್ರಿಂಗ್ ಏರ್‌ಗನ್‌ನಲ್ಲಿ ಅಂಥದ್ದೇನಿದೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಚಿಕ್ಕ ಕಾಫಿ ತೋಟ. ಅಟ್ಟ ಗುಡಿಸುವಾಗ ನಮ್ಮ ಮಾವನವರ ಏರ್‌ಗನ್ ಸಿಕ್ಕಿತು. ಮೇಲೆ ಡಯಾನಾ, ಮಾಡೆಲ್ 27 ಎಂದು ಕೆತ್ತಿದೆ. ನಳಿಗೆ ಬಗ್ಗಿಸಿದರೆ ಬಗ್ಗುತ್ತದೆ, ಹೊಡೆದರೆ ಪುಸ್ ಎನ್ನುತ್ತದೆ. ಗುಂಡು ಅಂಗಳ ದಾಟುವುದಿಲ್ಲ. ಇಂಜಿನಿಯರಿಂಗ್ ಓದುವ ಮಗ, "ಇದನ್ನ ಗುಜರಿಗೆ ಹಾಕಿ, ಸೆಕೆಂಡಿಗೆ 1000 ಅಡಿ ಹೋಗೋ ಹೊಸದು ತಗೊಳ್ಳೋಣ" ಎನ್ನುತ್ತಾನೆ. ನಮ್ಮ ಯಜಮಾನರು ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿಲ್ಲ. ಇಂಥ ಹಳೇ ಗನ್ನಿನಲ್ಲಿ ಜನ ಏನು ಕಾಣುತ್ತಾರೆ? ರಿಪೇರಿ ಮಾಡಿಸುವುದಾ, ಮಗನ ಮಾತು ಕೇಳುವುದಾ?

ಉತ್ತರ: ಮೊದಲು ಒಂದು ಮಾತು. ಗುಜರಿಗೆ ಹಾಕಬೇಡಿ. ನೀವು ಬರೆದಿರುವ ರೋಗ ನೂರಕ್ಕೆ ತೊಂಬತ್ತು ಪಾಲು ಒಂದು ತುಂಡು ಚರ್ಮದ್ದು. ಗನ್ನು ಸತ್ತಿಲ್ಲ, ಒಣಗಿದೆ ಅಷ್ಟೇ.

ನಾನು ಮೂವತ್ತು ವರ್ಷದಿಂದ ಇವುಗಳನ್ನು ಬಿಚ್ಚಿ ಕಟ್ಟುತ್ತಿದ್ದೇನೆ. ಹೊಸ ಗನ್ನುಗಳೂ ಕೈಗೆ ಬರುತ್ತವೆ. ಆದರೂ ಸಂಜೆ ಹೊತ್ತು ಹತ್ತು ಗುಂಡು ಹೊಡೆಯೋಣ ಅನ್ನಿಸಿದಾಗ ಕೈ ಹೋಗುವುದು ಹಳೆಯದರ ಕಡೆಗೇ. ಅದು ಯಾಕೆ ಎಂದು ನಿಮಗೆ ಹೇಳಬೇಕಾದರೆ ಒಳಗೆ ಏನಿದೆ ಎಂದು ಮೊದಲು ಹೇಳಬೇಕು.

ಒಳಗಿರುವುದು ಒಂದು ಸೈಕಲ್ ಪಂಪು. ನಿಜವಾಗಿಯೂ ಅಷ್ಟೇ. ಉಕ್ಕಿನ ಕೊಳವೆ, ಅದರೊಳಗೆ ಪಿಸ್ಟನ್, ಪಿಸ್ಟನ್ ಮೂತಿಗೆ ಬಟ್ಟಲಿನಂಥ ಚರ್ಮದ ವಾಷರ್. ಸೈಕಲ್ ಪಂಪಿನಲ್ಲಿ, ಸೀಮೆಎಣ್ಣೆ ಪಂಪ್ ಸ್ಟವ್‌ನಲ್ಲಿ ಇರುತ್ತಿತ್ತಲ್ಲ, ಅದೇ ಜಾತಿಯ ವಾಷರ್. ಪಿಸ್ಟನ್ ಹಿಂದೆ ಗಟ್ಟಿ ಸ್ಪ್ರಿಂಗ್. ನಳಿಗೆ ಬಗ್ಗಿಸಿದಾಗ ಪಿಸ್ಟನ್ ಹಿಂದಕ್ಕೆ ಸರಿದು ಸ್ಪ್ರಿಂಗ್ ಮಡಚಿಕೊಂಡು ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರ್ ಎಳೆದಾಗ ಕೊಕ್ಕೆ ಬಿಡುತ್ತದೆ. ಪಿಸ್ಟನ್ ಮುಂದಕ್ಕೆ ನುಗ್ಗಿ ಎದುರಿನ ಗಾಳಿಯನ್ನು ಒಂದು ಸಣ್ಣ ತೂತಿನ ಕಡೆ ಹಿಂಡುತ್ತದೆ. ಹಿಂಡಿದ ಗಾಳಿ ಬಿಸಿಯಾಗಿ ಉಬ್ಬಿ ಗುಂಡನ್ನು ತಳ್ಳುತ್ತದೆ. ಕೊನೆಯ ಕ್ಷಣದಲ್ಲಿ ಅದೇ ಗಾಳಿ ಮೆತ್ತೆಯ ಹಾಗೆ ಪಿಸ್ಟನ್‌ಗೆ ಅಡ್ಡ ನಿಂತು, ಅದು ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ಕಾಯುತ್ತದೆ. ಗುಂಡಿಲ್ಲದೆ ಸುಮ್ನೆ ಹೊಡೆಯಬಾರದು ಎನ್ನುವುದು ಇದಕ್ಕೇ. ಗುಂಡು ಇಲ್ಲದಿದ್ದರೆ ಗಾಳಿ ತಡೆಯಿಲ್ಲದೆ ಹೊರಟುಹೋಗುತ್ತದೆ, ಮೆತ್ತೆ ಇರುವುದಿಲ್ಲ, ಪಿಸ್ಟನ್ ಹೋಗಿ ದಡ್ ಎಂದು ಬಡಿಯುತ್ತದೆ.

ಇನ್ನು ನಿಮ್ಮ ಗನ್ನು. ಡಯಾನಾ ಜರ್ಮನಿಯ ರಾಸ್ಟಾಟ್ ಊರಿನ ಮೇಯರ್ ಅಂಡ್ ಗ್ರಾಮೆಲ್‌ಸ್ಪಾಕರ್ ಕಂಪನಿಯದು. ಕಂಪನಿ ಶುರುವಾದದ್ದು 1890ರಲ್ಲಿ. ಡಯಾನಾ ಎಂದರೆ ರೋಮನ್ನರ ಬೇಟೆಯ ದೇವತೆ. ಗನ್ನಿನ ಮೇಲಿನ ಚಿಕ್ಕ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿ. ಬಿಲ್ಲು ಬಾಣ ಕೆಳಗೆ ಬಿಸಾಕಿ, ಏರ್ ರೈಫಲನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಾಳೆ. ನನಗೆ ತುಂಬ ಇಷ್ಟವಾದ ಚಿತ್ರ ಅದು.

ಆ ಹೆಸರಿಗೂ ಒಂದು ಕತೆ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಂಪನಿಯ ಯಂತ್ರಗಳೂ ಡಯಾನಾ ಎಂಬ ಹೆಸರೂ ಬ್ರಿಟನ್ ಪಾಲಾದವು. ಸ್ಕಾಟ್ಲೆಂಡಿನ ಮದರ್‌ವೆಲ್‌ನಲ್ಲಿ ಮಿಲ್ಬ್ರೋ ಎಂಬ ಕಂಪನಿ ಅದೇ ಹೆಸರಿನಲ್ಲಿ ಗನ್ನು ಮಾಡತೊಡಗಿತು. ಕೆಲವು ವರ್ಷದ ನಂತರ ಜರ್ಮನಿಯವರು ಮತ್ತೆ ಕೆಲಸ ಶುರು ಮಾಡಿದಾಗ ಬ್ರಿಟನ್‌ನಲ್ಲಿ ತಮ್ಮದೇ ಹೆಸರು ಬಳಸುವ ಹಾಗಿರಲಿಲ್ಲ. ಅಲ್ಲಿ ಒರಿಜಿನಲ್ ಎಂಬ ಹೆಸರಿಟ್ಟು ಮಾರಿದರು. ಹೆಸರು ವಾಪಸ್ ಬಂದದ್ದು 1984ರಲ್ಲಿ. ನಿಮಗೆ ಇದು ಯಾಕೆ ಬೇಕು ಅಂದರೆ, ಗನ್ನಿನ ಮೇಲೆ ಮೇಡ್ ಇನ್ ಜರ್ಮನಿ ಎಂದಿದ್ದರೆ ಬಿಡಿಭಾಗ ಒಂದು ಥರ, ಮೇಡ್ ಇನ್ ಗ್ರೇಟ್ ಬ್ರಿಟನ್ ಎಂದಿದ್ದರೆ ಇನ್ನೊಂದು ಥರ. ಎರಡೂ ಡಯಾನಾನೇ. ಒಂದರ ಸಾಮಾನು ಇನ್ನೊಂದಕ್ಕೆ ಕೂರುತ್ತದೆ ಎಂದು ನಂಬಿ ಹಣ ಕೊಡಬೇಡಿ.

ಜರ್ಮನ್ 27 ಆದರೆ ಅದರ ಟ್ರಿಗರ್ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಸಾಮಾನ್ಯ ಗನ್ನಿನಲ್ಲಿ ಪಿಸ್ಟನನ್ನು ಒಂದು ಕೊಕ್ಕೆ ಹಿಡಿದಿರುತ್ತದೆ. 27ರಲ್ಲಿ ಪಿಸ್ಟನ್ ಕಡ್ಡಿಯ ಸುತ್ತ ಮೂರು ಪುಟ್ಟ ಉಕ್ಕಿನ ಗೋಲಿಗಳು ಹಿಡಿದಿರುತ್ತವೆ. ಭಾರ ಮೂರು ಕಡೆ ಹಂಚಿಹೋಗುವುದರಿಂದ ಬಿಡಿಸಲು ಬೆರಳಿಗೆ ಜೋರು ಬೇಕಿಲ್ಲ. ಮೊದಲು ಸ್ವಲ್ಪ ಸಡಿಲವಾಗಿ ಬರುತ್ತದೆ, ಒಂದು ಕಡೆ ತಡೆ ಸಿಗುತ್ತದೆ, ಅಲ್ಲಿಂದ ಕೂದಲೆಳೆಯಷ್ಟು ಒತ್ತಿದರೆ ಸಾಕು. ನಲವತ್ತು ಐವತ್ತು ವರ್ಷ ಉಜ್ಜಿ ಉಜ್ಜಿ ಆ ಗೋಲಿಗಳೂ ಅವು ಕೂರುವ ಜಾಗವೂ ಕನ್ನಡಿಯಂತೆ ನುಣುಪಾಗಿರುತ್ತವೆ. ಈ ನುಣುಪು ಅಂಗಡಿಯಲ್ಲಿ ಸಿಗುವುದಿಲ್ಲ. ನಿಮ್ಮ ಮಾವನವರ ಬೆರಳು ಅದನ್ನು ಮಾಡಿಟ್ಟು ಹೋಗಿದೆ.

ಕೊಳವೆ ಮತ್ತು ಪಿಸ್ಟನ್ ಕತೆಯೂ ಇದೇ. ಹೊಸದರಲ್ಲಿ ಲೋಹದ ಮೇಲೆ ಯಂತ್ರದ ಗೆರೆಗಳು ಇರುತ್ತವೆ. ಸಾವಿರಾರು ಸಲ ಓಡಾಡಿದ ಮೇಲೆ ಆ ಗೆರೆಗಳು ಸವೆದು ಎರಡೂ ಒಂದಕ್ಕೊಂದು ಒಗ್ಗುತ್ತವೆ. ಸ್ಪ್ರಿಂಗ್ ಸಹ ಸ್ವಲ್ಪ ಕುಗ್ಗಿ ತನ್ನ ಹದಕ್ಕೆ ಬಂದಿರುತ್ತದೆ. ಚೆನ್ನಾಗಿ ಬಳಸಿ, ಚೆನ್ನಾಗಿ ಇಟ್ಟುಕೊಂಡ ಗನ್ನು ಹೊಡೆದಾಗ ಟಪ್ ಎಂದು ಒಂದೇ ಒಣ ಸದ್ದು ಬರುತ್ತದೆ. ಡಬ್ಬದೊಳಗೆ ತಂತಿ ಕುಣಿದ ಹಾಗೆ ಝಂಯ್ ಅನ್ನುವುದಿಲ್ಲ. ಬೀಸುಕಲ್ಲು ಹದಕ್ಕೆ ಬಂದ ಹಾಗೆ, ಅಂದರೆ ನಿಮಗೆ ಅರ್ಥವಾಗುತ್ತದೆ.

ಈಗ ಮಗನ 1000 ಅಡಿಯ ವಿಷಯ. ಅವನು ಇಂಜಿನಿಯರಿಂಗ್ ಹುಡುಗ, ಲೆಕ್ಕ ಅವನಿಗೇ ಹಾಕಲು ಹೇಳಿ. ಸೆಕೆಂಡಿಗೆ 1000 ಅಡಿ ಅಂದರೆ ಸುಮಾರು 305 ಮೀಟರ್. ಮಾಮೂಲಿ 4.5 ಮಿ.ಮೀ. ಸೀಸದ ಗುಂಡಿನ ತೂಕ ಅರ್ಧ ಗ್ರಾಂ. ಆ ತೂಕಕ್ಕೆ ಆ ವೇಗ ಬಂದರೆ ಶಕ್ತಿ 23 ಜೌಲ್ ಆಗುತ್ತದೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವ ಏರ್‌ಗನ್‌ಗೆ 20 ಜೌಲ್ ಮಿತಿ. ಹಾಗಾದರೆ ಡಬ್ಬಿಯ ಮೇಲೆ 1000 ಎಂದು ಹೇಗೆ ಬರೆಯುತ್ತಾರೆ? ತೀರಾ ಹಗುರ ಗುಂಡು ಹಾಕಿ ಅಳೆದರೆ ಆ ಅಂಕಿ ಬರುತ್ತದೆ. ಹಗುರ ಗುಂಡು ಹೊರಟಷ್ಟೇ ಬೇಗ ವೇಗ ಕಳೆದುಕೊಳ್ಳುತ್ತದೆ. ಶಬ್ದದ ವೇಗ 340 ಮೀಟರ್ ಹತ್ತಿರ. ಅದರ ಸಮೀಪ ಹೋದಂತೆ ನಡು ಸಣ್ಣಗಿರುವ ಈ ಗುಂಡುಗಳು ತೂರಾಡತೊಡಗುತ್ತವೆ.

ಒಳ್ಳೆ ಸ್ಥಿತಿಯ 27 ತನ್ನ 4.5 ಮಿ.ಮೀ. ಗುಂಡನ್ನು ಸೆಕೆಂಡಿಗೆ 170ರಿಂದ 190 ಮೀಟರ್ ವೇಗದಲ್ಲಿ ಬಿಡುತ್ತದೆ. ಮಗನಿಗೆ ಇದು ಕಮ್ಮಿ ಅನ್ನಿಸಬಹುದು. ಆದರೆ ಹತ್ತು ಮೀಟರ್ ದೂರದ ಕಾಗದಕ್ಕೆ ಇದಕ್ಕಿಂತ ಜಾಸ್ತಿ ಏನೂ ಬೇಕಿಲ್ಲ. ಕಮ್ಮಿ ಶಕ್ತಿ ಅಂದರೆ ಹಗುರ ಸ್ಪ್ರಿಂಗ್. ಹಗುರ ಸ್ಪ್ರಿಂಗ್ ಅಂದರೆ ನಳಿಗೆ ಬಗ್ಗಿಸಲು ಹತ್ತು ಕೆಜಿಯೊಳಗಿನ ಜೋರು ಸಾಕು. ಸಂಜೆ ಐವತ್ತು ಗುಂಡು ಹೊಡೆದರೂ ತೋಳು ನೋಯುವುದಿಲ್ಲ. ಜೋರಿನ ಹೊಸ ಗನ್ನುಗಳಲ್ಲಿ ಹದಿನೈದನೇ ಗುಂಡಿಗೆ ಭುಜ ಹಿಡಿದುಕೊಳ್ಳುತ್ತದೆ, ಇಪ್ಪತ್ತನೆಯದಕ್ಕೆ ಕೈ ನಡುಗುತ್ತದೆ. ನಡುಗುವ ಕೈಯಲ್ಲಿ ಕಲಿಯುವುದೇನು?

ಕಲಿಸುವುದರಲ್ಲಿ ಸ್ಪ್ರಿಂಗ್ ಗನ್ನಿನಷ್ಟು ಕಟ್ಟುನಿಟ್ಟಿನ ಮೇಷ್ಟ್ರು ನಾನು ಕಂಡಿಲ್ಲ. ಪಿಸ್ಟನ್ ಮುಂದೆ ನುಗ್ಗುವಾಗ ಗನ್ನು ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಗುಂಡು ಇನ್ನೂ ನಳಿಗೆಯೊಳಗೇ ಇರುವಾಗ ಈ ಕುಣಿತ ನಡೆಯುತ್ತಿರುತ್ತದೆ. ಟ್ರಿಗರ್ ಬಿಟ್ಟು ಗುಂಡು ಹೊರಬೀಳಲು ಹೆಚ್ಚುಕಡಿಮೆ ಸೆಕೆಂಡಿನ ನೂರರಲ್ಲಿ ಒಂದು ಪಾಲು ಹೊತ್ತು ಬೇಕು. ಗನ್ನನ್ನು ಬಿಗಿಯಾಗಿ ಹಿಡಿದರೆ ಕುಣಿತ ಪ್ರತಿ ಸಲ ಬೇರೆ ಬೇರೆ ದಿಕ್ಕಿಗೆ ಹೋಗುತ್ತದೆ, ಗುಂಡೂ ಚದುರುತ್ತದೆ. ಎಡಗೈ ಅಂಗೈಯನ್ನು ಬಿಡಿಸಿ, ಹಸುಗೂಸಿನ ತಲೆಗೆ ಕೈ ಕೊಟ್ಟ ಹಾಗೆ ಕೊಡಬೇಕು. ಹಿಡಿಯಬಾರದು. ಅದು ಎತ್ತ ಕುಣಿಯುತ್ತದೋ ಅತ್ತ ಕುಣಿಯಲು ಬಿಡಬೇಕು, ಪ್ರತಿ ಸಲ ಒಂದೇ ರೀತಿ ಬಿಡಬೇಕು. ಇದು ಕೈಗೆ ಹತ್ತಿದ ದಿನ ಹತ್ತು ಮೀಟರಿನಲ್ಲಿ ಐದು ಗುಂಡು ಒಂದು ರೂಪಾಯಿ ನಾಣ್ಯದ ಅಗಲದಲ್ಲಿ ಬೀಳುತ್ತವೆ. ದುರ್ಬೀನು ಬೇಡ, ಗುರಿ ನೋಡಲು ಗನ್ನಿನ ಮೇಲೇ ಇರುವ ಕಬ್ಬಿಣದ ಮೊನೆ, ಕಚ್ಚು ಸಾಕು.

ಈಗಿನ ಸ್ಪರ್ಧೆಗಳಲ್ಲಿ ಸ್ಪ್ರಿಂಗ್ ಇಲ್ಲ ನಿಜ. ಹತ್ತು ಮೀಟರ್ ಏರ್ ರೈಫಲ್ ಒಲಿಂಪಿಕ್ಸ್ ಸೇರಿದ್ದು 1984ರಲ್ಲಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಹೊತ್ತಿಗೆ ಎಲ್ಲರ ಕೈಯಲ್ಲಿ ಇದ್ದದ್ದು ಗಾಳಿ ತುಂಬಿದ ಸಿಲಿಂಡರಿನ, ಒದೆತವೇ ಇಲ್ಲದ ರೈಫಲ್ಲು. ನಿಮ್ಮ ಮಗನಿಗೆ ಸ್ಪರ್ಧೆಗೆ ಹೋಗುವ ಆಸೆ ಇದ್ದರೆ ಅಂಥದ್ದಿರುವ ಕ್ಲಬ್ಬಿಗೆ ಸೇರಿಸಿ. ಮನೆಯಲ್ಲಿ ಕೈ ಹದ ಮಾಡಿಕೊಳ್ಳಲು 27 ಇರಲಿ.

ನನಗೆ ಈ ಹುಚ್ಚು ಹಿಡಿದದ್ದು ಜಾತ್ರೆಯಲ್ಲಿ. ಬಲೂನು ಹೊಡೆಯುವ ಅಂಗಡಿ ನೆನಪಿದೆ ಅಲ್ವಾ? ಹಲಗೆಗೆ ಸಾಲಾಗಿ ಬಲೂನು, ಮುಂದೆ ಮೇಜಿನ ಮೇಲೆ ಮೂರು ನಾಲ್ಕು ಗನ್ನು. ನಾನು ಹೋಗುತ್ತಿದ್ದ ಅಂಗಡಿಯಾತನಿಗೆ ತನ್ನ ಪ್ರತಿ ಗನ್ನಿನ ಸ್ವಭಾವ ಗೊತ್ತಿತ್ತು. "ಇದು ಎಡಕ್ಕೆ ಎಳೀತದೆ, ಬಲೂನಿನ ಬಲ ಅಂಚು ನೋಡಿ ಹೊಡಿ" ಎನ್ನುತ್ತಿದ್ದ. ಮರದ ಹಿಡಿ ಸವೆದು ಹಳೇ ಒನಕೆಯ ನಡು ಇದ್ದ ಹಾಗಿತ್ತು. ದಿನಕ್ಕೆ ನೂರಾರು ಗುಂಡು, ಊರಿಂದೂರಿಗೆ ಲಾರಿಯಲ್ಲಿ ಪ್ರಯಾಣ, ಮಳೆ, ದೂಳು. ಆದರೂ ಹೊಡೆಯುತ್ತಲೇ ಇದ್ದವು. ಒಂದು ಸ್ಪ್ರಿಂಗು, ಒಂದು ವಾಷರು ಬದಲಿಸಿದರೆ ಮತ್ತೆ ಹತ್ತು ಜಾತ್ರೆ. ಯಂತ್ರ ಅಂದರೆ ಹೀಗಿರಬೇಕು ಎಂದು ನನಗೆ ಆಗಲೇ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲೂ ಇಂಥದ್ದೇ ಪ್ರೀತಿ ಇದೆ. ಅಲ್ಲಿನ ಬಿಎಸ್‌ಎ ಕಂಪನಿ, ಹೌದು, ಬೈಕ್ ಮಾಡುತ್ತಿದ್ದ ಅದೇ ಬಿಎಸ್‌ಎ, ಲಿಂಕನ್ ಜೆಫ್ರೀಸ್ ಎಂಬುವರ ವಿನ್ಯಾಸದ ಏರ್ ರೈಫಲನ್ನು 1905ರಲ್ಲಿ ಮಾಡತೊಡಗಿತು. ಅಲ್ಲಿನ ಪಬ್‌ಗಳಲ್ಲಿ ಆಗ ಗಂಟೆ ಹೊಡೆಯುವ ಪಂದ್ಯ ನಡೆಯುತ್ತಿತ್ತು. ಕಬ್ಬಿಣದ ತಟ್ಟೆಯ ನಡುವೆ ಚಿಕ್ಕ ತೂತು, ಹಿಂದೆ ಗಂಟೆ. ಆರೇಳು ಗಜ ದೂರದಿಂದ ಹೊಡೆದ ಗುಂಡು ತೂತಿನೊಳಗೆ ಹೋದರೆ ಗಂಟೆ ಬಾರಿಸುತ್ತದೆ. ಆ ಕಾಲದ ರೈಫಲ್ಲುಗಳಲ್ಲಿ ಎಷ್ಟೋ ಇವತ್ತೂ ಕೆಲಸ ಮಾಡುತ್ತವೆ.

ಸರಿ, ರಿಪೇರಿಗೆ ಬರೋಣ. ಇಲ್ಲಿ ನಿಧಾನವಾಗಿ ಓದಿ.

ಮೊದಲನೆಯದಾಗಿ, ಬಿಚ್ಚಬೇಡಿ. ಒಳಗಿನ ಸ್ಪ್ರಿಂಗ್ ಗನ್ನು ಖಾಲಿ ಇದ್ದಾಗಲೂ ಒತ್ತಿಕೊಂಡೇ ಕೂತಿರುತ್ತದೆ. ಗೊತ್ತಿಲ್ಲದೆ ಹಿಂದಿನ ಭಾಗ ತೆಗೆದರೆ ಮುಖಕ್ಕೆ ಬಂದು ಬಡಿಯಬಹುದು. ಬಿಚ್ಚುವವರ ಹತ್ತಿರ ಅದನ್ನು ಒತ್ತಿ ಹಿಡಿಯುವ ಸಾಧನ ಇರಬೇಕು. ಇಲ್ಲ ಎಂದರೆ ಗನ್ನು ಕೊಡಬೇಡಿ. ಆ ಮೂರು ಗೋಲಿಗಳೂ ಅಷ್ಟೇ. ಅಜಾಗ್ರತೆಯಿಂದ ಬಿಚ್ಚಿದರೆ ಉರುಳಿ ಮಂಚದ ಕೆಳಗೆ ಹೋಗುತ್ತವೆ.

ಬಿಚ್ಚದೆಯೇ ಮಾಡುವ ಕೆಲಸ ಒಂದಿದೆ. ನಳಿಗೆ ಬಗ್ಗಿಸಿದಾಗ ಎದುರಿಗೆ ಕಾಣುವ ಸಣ್ಣ ತೂತಿಗೆ ನಾಲ್ಕೈದು ಹನಿ ಸಿಲಿಕೋನ್ ಎಣ್ಣೆ ಬಿಡಿ. ನಳಿಗೆ ಮುಚ್ಚಿ, ಹಿಡಿ ಕೆಳಗೆ ಮಾಡಿ, ಒಂದು ರಾತ್ರಿ ಮೂಲೆಗೆ ಒರಗಿಸಿಡಿ. ಎಣ್ಣೆ ಇಳಿದು ಚರ್ಮ ನೆನೆದು ಉಬ್ಬುತ್ತದೆ. ಮಾರನೇ ದಿನ ಗುಂಡು ಹಾಕಿ ಹೊಡೆಯಿರಿ. ನನ್ನ ಅನುಭವದಲ್ಲಿ ಎಷ್ಟೋ ಗನ್ನುಗಳು ಇಷ್ಟಕ್ಕೇ ಎದ್ದು ಕೂತಿವೆ. ದಯವಿಟ್ಟು ಕೊಬ್ಬರಿ ಎಣ್ಣೆ ಹಾಕಬೇಡಿ. ನಮ್ಮ ಕಡೆ ಎಲ್ಲದಕ್ಕೂ ಅದೇ ಔಷಧಿ, ನನಗೆ ಗೊತ್ತು. ಆದರೆ ನಿಮ್ಮೂರಿನ ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಕೆಲವು ತಿಂಗಳಿಗೆ ಅಂಟಾಗಿ ಪಿಸ್ಟನನ್ನೇ ಹಿಡಿದುಕೊಳ್ಳುತ್ತದೆ. ಪೆಟ್ರೋಲಿಯಂ ಎಣ್ಣೆ ಜಾಸ್ತಿಯಾದರೆ ಇನ್ನೊಂದು ತೊಂದರೆ. ಹಿಂಡಿದ ಗಾಳಿಯ ಬಿಸಿಗೆ ಎಣ್ಣೆ ಹೊತ್ತಿಕೊಂಡು ಪಟಾಕಿಯಂತೆ ಸದ್ದಾಗಿ ಹೊಗೆ ಬರುತ್ತದೆ. ಮಕ್ಕಳಿಗೆ ಅದು ಭಾರಿ ಖುಷಿ. ಗನ್ನಿನ ಸ್ಪ್ರಿಂಗಿಗೂ ವಾಷರಿಗೂ ಅದು ಪೆಟ್ಟು.

ಆಮೇಲೂ ಪುಸ್ ಎಂದರೆ ನಳಿಗೆ ಕೂಡುವ ಜಾಗದ ವಾಷರ್ ನೋಡಿ. ಕೂಡುವಲ್ಲಿ ಒಂದು ತೆಳು ಕಾಗದದ ಪಟ್ಟಿ ಇಟ್ಟು ಹೊಡೆಯಿರಿ. ಕಾಗದ ಹಾರಿದರೆ ಗಾಳಿ ಅಲ್ಲೇ ಸೋರುತ್ತಿದೆ. ಅದು ಹೊರಗಿನಿಂದಲೇ ಬದಲಿಸುವ ಸುಲಭ ಕೆಲಸ. ಕಾಗದ ಅಲುಗದಿದ್ದರೆ ಒಳಗಿನ ವಾಷರೋ ಸ್ಪ್ರಿಂಗೋ ಹೋಗಿದೆ. ಬಟ್ಟಲು ವಾಷರನ್ನು ಚರ್ಮದ ಕೆಲಸ ಬಲ್ಲವರು ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ನೆನೆಸಿದ ಚರ್ಮವನ್ನು ಅಚ್ಚಿಗೆ ಒತ್ತಿ ಒಣಗಿಸಿದರೆ ಆಯಿತು.

ಸ್ಪ್ರಿಂಗ್ ಬದಲಿಸುವಾಗ ಮಾತ್ರ ಗಟ್ಟಿಯಾಗಿರಿ. "ಸ್ವಲ್ಪ ಜೋರಿನದು ಹಾಕ್ತೀನಿ" ಎನ್ನುವವರ ಮಾತು ಕೇಳಬೇಡಿ. ಒಬ್ಬರು ಡಯಾನಾ 35 ತಂದಿದ್ದರು. ಯಾವುದೋ ವರ್ಕ್‌ಶಾಪಿನಲ್ಲಿ ಗಟ್ಟಿ ಸ್ಪ್ರಿಂಗ್ ತುಂಬಿಸಿದ್ದರು. ವೇಗ ಹೆಚ್ಚುಕಮ್ಮಿ ಮೊದಲಿನಷ್ಟೇ ಇತ್ತು, ಒದೆತ ಮಾತ್ರ ಎರಡರಷ್ಟು. ಕೊಳವೆಯ ಅಳತೆ ಅಷ್ಟೇ ಇರುವಾಗ ಹಿಂಡಲು ಸಿಗುವ ಗಾಳಿಯೂ ಅಷ್ಟೇ ಅಲ್ವಾ? ಮರದ ಹಿಡಿ ತಿರುಪಿನ ಹತ್ತಿರ ಸೀಳಿಹೋಗಿತ್ತು. ಆ ಸೀಳನ್ನು ನಾನು ಅಂಟಿಸಿಕೊಟ್ಟೆ, ಆದರೆ ಅದು ಮೊದಲಿನಂತೆ ಆಗಲಿಲ್ಲ.

ಇನ್ನೊಂದು ಕೇಳಿಕೊಳ್ಳುತ್ತೇನೆ. ಪಾಲಿಶ್ ಮಾಡಿಸಬೇಡಿ. ನಾನು ಹುಡುಗನಾಗಿದ್ದಾಗ ಒಬ್ಬರ ಗನ್ನಿನ ಹಿಡಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಸದರಂತೆ ಮಾಡಿಕೊಟ್ಟೆ. ಅವರು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿ, "ಇದು ನಮ್ಮಪ್ಪನ ಗನ್ನಲ್ಲ" ಎಂದರು. ಆ ಮಾತು ಇವತ್ತಿಗೂ ಮನಸ್ಸಿನಲ್ಲಿದೆ. ಸವೆತದಲ್ಲಿ ಸಂಗತಿ ಇರುತ್ತದೆ. ನಳಿಗೆಯ ತುದಿಯಲ್ಲಿ ನೀಲಿ ಕಪ್ಪು ಬಣ್ಣ ಹೋಗಿ ಬೆಳ್ಳಗೆ ಕಾಣುತ್ತಿದೆಯಾ? ಬಗ್ಗಿಸುವಾಗ ಅಂಗೈ ಕೂರುತ್ತಿದ್ದ ಜಾಗ ಅದು. ಹಿಡಿಯ ಎಡಬದಿ ಕಪ್ಪಾಗಿದ್ದರೆ ಬಲಗೈಯವರ ಕೆನ್ನೆ, ಬಲಬದಿ ಕಪ್ಪಾಗಿದ್ದರೆ ಎಡಗೈಯವರ ಕೆನ್ನೆ. ನಿಮ್ಮ ಯಜಮಾನರನ್ನು ಕೇಳಿ ನೋಡಿ, ಮಾವನವರು ಯಾವ ಕೈಯವರು ಎಂದು. ತುಕ್ಕು ಇದ್ದರೆ ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಮರಕ್ಕೆ ಒಣಬಟ್ಟೆ ಸಾಕು. ಮಳೆಗಾಲದಲ್ಲಿ ಬಟ್ಟೆ ಸುತ್ತಿ ಬೀರುವಿನಲ್ಲಿ ಇಡಬೇಡಿ, ಬಟ್ಟೆ ತೇವ ಹೀರಿ ತುಕ್ಕು ಹಿಡಿಸುತ್ತದೆ. ಅಟ್ಟದಲ್ಲಿ, ಒಲೆಯ ಬಿಸಿ ತಾಗುವಲ್ಲಿ ಇದ್ದದ್ದರಿಂದಲೇ ಅದು ಇಷ್ಟಾದರೂ ಉಳಿದಿರಬೇಕು.

ಕಾನೂನಿನ ಮಾತು. 2016ರ ಆಯುಧ ನಿಯಮಗಳ ಪ್ರಕಾರ ಒಳಗಳತೆ 0.177 ಇಂಚು, ಅಂದರೆ 4.5 ಮಿ.ಮೀ. ಮೀರಿದರೆ, ಇಲ್ಲವೇ ಶಕ್ತಿ 20 ಜೌಲ್ ಮೀರಿದರೆ ಲೈಸೆನ್ಸ್ ಬೇಕು. 27 ಎರಡು ಅಳತೆಯಲ್ಲಿ ಬರುತ್ತಿತ್ತು, 4.5 ಮತ್ತು 5.5. ಅಂಗಡಿಯಿಂದ 4.5ರ ಗುಂಡು ತಂದು ನಳಿಗೆಯ ಹಿಂಬದಿ ಇಟ್ಟು ನೋಡಿ. ಬೆರಳಲ್ಲಿ ಒತ್ತಿದರೆ ಬಿಗಿಯಾಗಿ ಕೂತರೆ ಸರಿ. ಸರ್ರನೆ ಜಾರಿ ಹೊರಗೆ ಬಿದ್ದರೆ ಅದು 5.5. ಹಾಗಿದ್ದರೆ ರಿಪೇರಿಗೂ ಮುಂಚೆ ಜಿಲ್ಲಾಧಿಕಾರಿ ಕಚೇರಿಯ ಆಯುಧ ವಿಭಾಗಕ್ಕೆ ಹೋಗಿ ವಿಚಾರಿಸಿ.

ಹಕ್ಕಿಗೆ ಗುರಿ ಇಡುವುದು ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆ ಒಂದು ಕಡೆ ಇರಲಿ. ನಿಮ್ಮ ತೋಟದ ನೆರಳು ಮರಗಳಲ್ಲಿ ಕೂರುವ ಹಸಿರು ಪಾರಿವಾಳಗಳು ಈಗ ಎಷ್ಟು ಉಳಿದಿವೆ ಎಂದು ಹಳಬರನ್ನು ಕೇಳಿ. ಸಲೀಂ ಅಲಿಯವರು ಹುಡುಗರಾಗಿದ್ದಾಗ 1908ರಲ್ಲಿ ಆಟದ ಏರ್‌ಗನ್ನಿನಿಂದ ಕತ್ತಿನಲ್ಲಿ ಹಳದಿ ಮಚ್ಚೆಯ ಒಂದು ಗುಬ್ಬಿ ಹೊಡೆದರು. ಅದು ಯಾವ ಹಕ್ಕಿ ಎಂದು ತಿಳಿಯಲು ಮುಂಬೈಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದವರು ಬದುಕಿಡೀ ಹಕ್ಕಿಗಳ ಹಿಂದೆ ಹೋದರು. ಅರುಣಾಚಲದಲ್ಲಿ 2021ರಿಂದ ಹಳ್ಳಿಗರು ತಾವಾಗಿಯೇ ಏರ್‌ಗನ್ನುಗಳನ್ನು ತಂದು ಒಪ್ಪಿಸುತ್ತಿದ್ದಾರೆ, ಕಾಡು ಮೌನವಾಯಿತು ಎಂಬ ಕಾರಣಕ್ಕೆ. ಗನ್ನು ಪ್ರೀತಿಸುವ ನನಗೆ ಆ ಸುದ್ದಿ ಓದಿ ಸಂತೋಷವೇ ಆಯಿತು.

ಗುರಿಗೆ ಕಾಗದ ಸಾಕು. ಹಿಂದೆ ಮರಳು ತುಂಬಿದ ಮರದ ಪೆಟ್ಟಿಗೆ ಇಡಿ. ಕಲ್ಲು, ತಗಡು, ಹೆಂಚು ಇರಬಾರದು, ಗುಂಡು ವಾಪಸ್ ಹಾರುತ್ತದೆ. ಕಣ್ಣಿಗೆ ಕನ್ನಡಕ ಹಾಕಿ. ಹೊಡೆದ ಮೇಲೆ ಕೈ ತೊಳೆಯಿರಿ, ಗುಂಡು ಸೀಸದ್ದು. ಮಗನಿಗೆ ಒಂದು ವಿಷಯ ಖಂಡಿತ ಹೇಳಿ. ಬಗ್ಗಿಸಿದ ನಳಿಗೆಗೆ ಗುಂಡು ಇಡುವಾಗ ಇನ್ನೊಂದು ಕೈ ನಳಿಗೆಯನ್ನು ಬಿಡಬಾರದು. ಆ ಕಾಲದ ಗನ್ನಿನಲ್ಲಿ ತಡೆ ಇಲ್ಲ. ಟ್ರಿಗರ್ ತಾಗಿದರೆ ನಳಿಗೆ ಛಂಗನೆ ಮೇಲೆ ಬಂದು ಬೆರಳು ಜಜ್ಜುತ್ತದೆ, ನಳಿಗೆಯೂ ಬಾಗುತ್ತದೆ. ನಿಮ್ಮದು ಈಗಾಗಲೇ ಬಾಗಿದೆಯಾ ಎಂದು ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ.

ಗುಂಡು ಹಾಕಿ, ಪೆಟ್ಟಿಗೆಯ ಕಡೆ ಮುಖ ಮಾಡಿ, ಟ್ರಿಗರ್ ಮುಟ್ಟದೆ ಹಿಡಿಯ ಹಿಂಭಾಗವನ್ನು ಅಂಗೈಯಲ್ಲಿ ಎರಡು ಸಲ ತಟ್ಟಿ. ತಾನಾಗಿಯೇ ಹಾರಿದರೆ ಗೋಲಿಗಳ ಜಾಗ ತೀರಾ ಸವೆದಿದೆ. ಆಗ ರಿಪೇರಿ ಆಗುವವರೆಗೆ ಯಾರೂ ಹೊಡೆಯಬಾರದು.

ಕೊನೆಗೆ, ಉಕ್ಕಿನ ಕೊಳವೆಯ ಹಿಂಭಾಗದಲ್ಲಿ, ಮರದ ಅಂಚಿನ ಮೇಲೆ ಎಡಗಡೆಗೆ ಚಿಕ್ಕ ಅಂಕಿಗಳಿವೆಯಾ ನೋಡಿ. ಜರ್ಮನ್ ಡಯಾನಾ ಆದರೆ ಅಲ್ಲಿ ತಿಂಗಳು ಮತ್ತು ವರ್ಷ ಒತ್ತಿರುತ್ತಾರೆ. ಆ ಅಂಕಿ, ಒಳಗಳತೆ 4.5 ಹೌದೋ ಅಲ್ಲವೋ, ಎಣ್ಣೆ ಬಿಟ್ಟ ಮೇಲೆ ಸದ್ದು ಹೇಗಿದೆ, ಈ ಮೂರನ್ನೂ ಬರೆದು ತಿಳಿಸಿ. ಒಳಗಿನ ವಾಷರೇ ಹೋಗಿದ್ದರೆ ಅದರ ಅಳತೆ ಹೇಗೆ ತೆಗೆಯಬೇಕು ಎಂದು ಆಗ ಹೇಳುತ್ತೇನೆ.